ಬೂದು ಕಾರಿನ ಬಾಲದ ಕೂದಲು

ಜಾವ್ಖಾನ್, ಚಳಿಗಾಲದ ಬೀಡು
ಅಕ್ಟೋಬರ್ 9, 2011

ಅಕ್ಕಾ,

ಮೇಕೆ ಉಣ್ಣೆ ಮಾರಿದ ದುಡ್ಡು, ಹೋದ ವರ್ಷ ಕುದುರೆ ಮಾರಿದ ದುಡ್ಡು, ಎರಡನ್ನೂ ಒಂದೇ ಗಂಟು ಮಾಡಿ ಈ ಮಿನಿಬಸ್ಸಿನವನ ಕೈಯಲ್ಲಿ ಕಳಿಸಿದ್ದೇನೆ. ನನಗೊಂದು ಕಾರು ಕೊಂಡು ಕೊಡು. ಹೊಸದು ನಮ್ಮ ಕೈಗೆ ಎಟುಕುವುದಿಲ್ಲ, ಬೇಡ. ಆದರೆ ನಮ್ಮ ರಷ್ಯದ ಹಳೇ ಜೀಪಿನ ಜಾತಿಯದೂ ಬೇಡ. ಕೊರೆಯುವ ಚಳಿಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು, ಅಷ್ಟೇ.

ನನ್ನವಳು ಸೆವ್ಜಿದ್ ಮತ್ತೆ ಬಸುರಿ. ಫೆಬ್ರವರಿ ಕೊನೆಯ ಬಿಳಿ ತಿಂಗಳ ಹಬ್ಬ ಕಳೆದು ಒಂದೆರಡು ವಾರಕ್ಕೆ ಹೆರಿಗೆ ಎಂದು ತಾಲ್ಲೂಕು ಆಸ್ಪತ್ರೆಯ ದಾದಿ ಹೇಳಿದ್ದಾಳೆ. ಹೋದ ಚಳಿಗಾಲ ಏನಾಯಿತೆಂದು ನಿನಗೆ ಗೊತ್ತಿದೆ. ಜೀಪಿನ ಹೊಟ್ಟೆಯ ಕೆಳಗೆ ಬೆಂಕಿ ಇಟ್ಟು, ಹಿಡಿಕೆ ತಿರುಗಿಸಿ ತಿರುಗಿಸಿ ನನ್ನ ಕೈ ಬೊಬ್ಬೆ ಎದ್ದಿತ್ತು. ಅದು ಕೆಮ್ಮಿತೇ ಹೊರತು ಹೊರಡಲಿಲ್ಲ. ಮಗು ಗುಡಾರದಲ್ಲೇ ಹುಟ್ಟಿ ಸಂಜೆಯೊಳಗೆ ಹೋಯಿತು. ಈ ಸಲ ಹಾಗಾಗಬಾರದು.

ನಾನೇ ಬರುತ್ತಿದ್ದೆ. ಮಂದೆ ಬಿಟ್ಟು ಬರುವಂತಿಲ್ಲ, ತೋಳಗಳು ಈಗಲೇ ಇಳಿದಿವೆ. ಇಲ್ಲಿ ಫೋನು ಸಿಗುವುದಿಲ್ಲ, ಗುಡ್ಡ ಹತ್ತಿದರೂ ಗಾಳಿಯದೇ ಮಾತು. ಹಾಗಾಗಿ ಕಾಗದ ಬರೆ. ಕಾರಿನ ಬಣ್ಣ ಯಾವುದು, ನಡಿಗೆ ಹೇಗೆ, ಇದುವರೆಗೆ ಯಾರ ಕೈಯಲ್ಲಿತ್ತು, ಎಲ್ಲ ವಿಚಾರಿಸಿ ತೆಗೆದುಕೋ.

ನಿನ್ನ ತಮ್ಮ
ಲುವ್ಸಾನ್


ಉಲಾನ್‌ಬಾತರ್
ಅಕ್ಟೋಬರ್ 30

ತಮ್ಮಾ,

ಕಾರಿಗೆ ನಡಿಗೆ ಕೇಳುವ ಗಂಡಸು ಇಡೀ ಮಂಗೋಲಿಯಾದಲ್ಲಿ ನೀನೊಬ್ಬನೇ ಇರಬೇಕು. ಕಾರಿನ ಸಂತೆಯಲ್ಲಿ ಓಡಾಡಿ ಓಡಾಡಿ ನನ್ನ ತಲೆ ಕೆಟ್ಟುಹೋಗಿದೆ. ನನ್ನ ಕ್ಯಾಂಟೀನಿನಲ್ಲಿ ಕಡುಬು ಬೇಯಿಸುವುದು ಬಿಟ್ಟು ವಾರವೆಲ್ಲ ಚಕ್ರಕ್ಕೆ ಒದ್ದು ನೋಡುತ್ತಾ ನಿಂತಿದ್ದೆ. ಅಲ್ಲಿರುವ ಅಷ್ಟೂ ಕಾರುಗಳನ್ನು ಇದುವರೆಗೆ ಒಬ್ಬಳೇ ಒಬ್ಬ ಡಾಕ್ಟರಮ್ಮ ಓಡಿಸಿದ್ದಾಳಂತೆ, ಅದೂ ಭಾನುವಾರ ಮಾತ್ರ! ಆ ಡಾಕ್ಟರಮ್ಮ ಎಲ್ಲಿಯಾದರೂ ಸಿಕ್ಕಿದರೆ ನಾನು ಕಾಲಿಗೆ ಬೀಳುತ್ತೇನೆ.

ಕೊನೆಗೆ ಸಂತೆಯ ಹೊರಗೆ ಸಿಕ್ಕವರು ಗೊಂಬೋ ಎನ್ನುವ ಹಿರಿಯರು. ನಮ್ಮ ಕಡೆಯವರೇ, ಹುಟ್ಟಿದ್ದು ಕುರಿಗಳ ಮಧ್ಯೆ. ಕಣ್ಣು ಮಂಜಾಗಿದೆಯೆಂದು ಕಾರು ಮಾರುತ್ತಿದ್ದಾರೆ.

"ಯಾರಿಗಮ್ಮಾ ಗಾಡಿ?" ಅಂದರು.

"ನನ್ನ ತಮ್ಮನಿಗೆ. ಜಾವ್ಖಾನ್‌ನಲ್ಲಿ ಕುರಿ ಕಾಯ್ತಾನೆ."

"ಕುರಿ ಕಾಯೋನಿಗೆ ಇಂಥಾ ಶ್ರೀಮಂತರ ಗಾಡಿ ಯಾಕೆ?"

"ಯಾಕೆ, ಕುರಿ ಕಾಯೋರ ಹೆಂಡ್ತೀರು ಹೆರಲ್ವಾ?" ಅಂದೆ. ಆಮೇಲೆ ಅವರು ಚಹಾ ಕೊಟ್ಟರು.

ರಾತ್ರಿಯೆಲ್ಲ ಬಯಲಲ್ಲಿ ನಿಲ್ಲಿಸಿ, ಬೆಳಿಗ್ಗೆ ನಾನೇ ಬಂದು ಕೀಲಿ ತಿರುಗಿಸುತ್ತೇನೆ ಎಂದು ಹಟ ಹಿಡಿದೆ. ಒಂದೇ ತಿರುವಿಗೆ ಸ್ಟಾರ್ಟ್ ಆಯಿತು ಕಣೋ! ಬೂದು ಬಣ್ಣ, ಜಪಾನಿನಿಂದ ಬಂದದ್ದು, ಸ್ಟೀರಿಂಗ್ ಬಲಗಡೆಗಿದೆ. ಸೀಟೆಲ್ಲ ಚರ್ಮದ್ದು. ಒಂದು ಗುಂಡಿ ಒತ್ತಿದರೆ ಸೀಟೇ ಬಿಸಿಯಾಗುತ್ತದೆ. ನಾನು ಒತ್ತಿ ಕೂತೆ, ಏಳುವ ಮನಸ್ಸೇ ಬರಲಿಲ್ಲ. ನಿನ್ನ ಹೆಂಡತಿ ರಾಣಿಯ ಹಾಗೆ ಹೋಗಿ ಹೆತ್ತು ಬರಲಿ.

ಕೀಲಿ ಕೊಡುವ ಮುಂಚೆ ಮುದುಕರು ಕಾರಿನ ಸುತ್ತ ಒಂದು ಸುತ್ತು ಬಂದು ಹಿಂದುಗಡೆ ಬಾಗಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡು ನಾನು ಮುಖ ತಿರುಗಿಸಿದೆ. ಗಂಡಸರು ಕಾರಿಗೆ ಅಳುತ್ತಾರೆ, ಹೆಂಡತಿಗಲ್ಲ.

ನಮ್ಮ ಓಣಿಯ ಡ್ರೈವರ್ ಮುಂದಿನ ವಾರ ಓಡಿಸಿಕೊಂಡು ಬರುತ್ತಾನೆ. ಊಟ ಹಾಕು, ಕುಡಿಯಲು ಕೊಡಬೇಡ.

ಯಾಂಜ್ಮಾ


ಜಾವ್ಖಾನ್
ನವೆಂಬರ್ 19

ಅಕ್ಕಾ,

ಕಾರು ಬಂತು. ಸೆವ್ಜಿದ್ ನಾಲ್ಕು ಚಕ್ರಕ್ಕೂ ಹಾಲು ಚಿಮುಕಿಸಿದಳು. ನಾನು ಮೊದಲ ದಿನ ಅಭ್ಯಾಸಬಲದಿಂದ ಎಡಗಡೆ ಹತ್ತಿ ಕೂತು ಸ್ಟೀರಿಂಗ್ ಹುಡುಕಿದೆ. ಅವಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಹೋದ ಚಳಿಗಾಲದಿಂದ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ, ಅದಕ್ಕೇ ಮಾರನೇ ದಿನ ಬೇಕೆಂದೇ ಮತ್ತೆ ಎಡಗಡೆ ಹತ್ತಿದೆ. ಸಂಜೆಯಾದರೆ ಮೂತಿಗೆ ಉಣ್ಣೆಗಂಬಳಿ ಹೊದಿಸುತ್ತೇನೆ, ಬ್ಯಾಟರಿ ಬಿಚ್ಚಿ ಗುಡಾರದೊಳಗೆ ಇಟ್ಟುಕೊಳ್ಳುತ್ತೇನೆ. ಕೆಳಗೆ ಬೆಂಕಿ ಇಡುವ ಕೆಲಸವೇ ಇಲ್ಲ.

ಆದರೆ ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ಡಿಕ್ಕಿಯಲ್ಲಿ ಸಾಮಾನು ಇಡುವ ತಟ್ಟೆಯಿದೆ, ಪ್ರತಿ ಸಾಮಾನಿಗೂ ಅದರದರ ಅಚ್ಚು. ಜಾಕಿ ಇದೆ, ಸ್ಪ್ಯಾನರ್ ಇದೆ. ಒಂದು ಅಚ್ಚು ಮಾತ್ರ ಖಾಲಿ. ಮೊಳೆಗೆ ಉಂಗುರ ಸೇರಿಸಿದ ಆಕಾರ. ಆಚೆ ಕಣಿವೆಯವನು ಬಂದು ನೋಡಿ, ಮುಂದಿನ ಬಂಪರಿನಲ್ಲಿ ಒಂದು ಪುಟ್ಟ ಮುಚ್ಚಳ ತೆಗೆದು ತೋರಿಸಿದ. ಒಳಗೆ ತಿರುಪಿನ ಗೀರು ಇರುವ ತೂತು. ಆ ಉಂಗುರವನ್ನು ಅಲ್ಲಿ ತಿರುಪಿ ಹಗ್ಗ ಕಟ್ಟಬೇಕಂತೆ. ಹಿಮದಲ್ಲಿ ಹೂತರೆ ಎಳೆಯುವುದಕ್ಕೆ ಬೇರೆ ಕೊಕ್ಕೆಯೇ ಇಲ್ಲವಂತೆ, ಶ್ರೀಮಂತರ ಕಾರಲ್ಲವೇ, ಅಂದ ಕೆಡಬಾರದು.

ಯಾರು ಕದ್ದರು? ನಿನ್ನ ಡ್ರೈವರೋ, ಆ ಮುದುಕನೋ? ಆಸ್ಪತ್ರೆಗೆ ಹೋಗುವ ಕಣಿವೆದಾರಿಯಲ್ಲಿ ಹೂತುಕೊಳ್ಳದ ಗಾಡಿ ಇಲ್ಲ.

ಲುವ್ಸಾನ್


ಉಲಾನ್‌ಬಾತರ್
ಡಿಸೆಂಬರ್ 10

ತಮ್ಮಾ,

ಮೊದಲು ಡ್ರೈವರನ ಕುತ್ತಿಗೆಪಟ್ಟಿ ಹಿಡಿದೆ. ಅವನು ತಾಯಿಯ ಮೇಲೆ ಆಣೆ ಇಟ್ಟ. ಆಮೇಲೆ ಗೊಂಬೋ ಮನೆಗೆ ಹೋಗಿ ಬಾಗಿಲಲ್ಲೇ ಬಾಯಿಗೆ ಬಂದಂತೆ ಬೈದೆ.

"ಕದ್ದಿಲ್ಲಮ್ಮ, ಉಳಿಸ್ಕೊಂಡೆ," ಅಂದರು, ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲದೆ.

"ಉಳಿಸ್ಕೊಳ್ಳೋಕೆ ಅದೇನು ನಿಮ್ಮಪ್ಪನ ಆಸ್ತೀನಾ? ಮಾರಿದ ಮೇಲೆ ಮುಗೀತು!"

"ಕುದುರೆ ಮಾರಿದಾಗ ಬಾಲದ್ದು ನಾಲ್ಕು ಕೂದಲು ಕಿತ್ತು ಇಟ್ಕೊಳಲ್ವೇನಮ್ಮ ನಿಮ್ಮನೇಲಿ? ಕುದುರೆ ಹೋಗ್ಲಿ, ಅದ್ರ ಜೊತೆ ಮನೆ ಭಾಗ್ಯ ಹೋಗ್ಬಾರ್ದಲ್ಲ. ಕಾರಿಗೆ ಬಾಲ ಎಲ್ಲಿದೆ ಹೇಳು? ಹುಡುಕಿದೆ, ಹುಡುಕಿದೆ. ಇದೊಂದು ಉಂಗುರ ಕಂಡ್ತು. ಇಷ್ಟು ವರ್ಷ ಒಂದಿನಾನೂ ಅದನ್ನ ಮುಟ್ಟಿಲ್ಲ ನಾನು. ಬೇಡದೇ ಇರೋ ಸಾಮಾನು ಅಂದ್ಕೊಂಡೆ."

ನನಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಉಂಗುರ ಅವರ ದೇವರ ಮುಂದೆ ನೀಲಿ ರೇಷ್ಮೆವಸ್ತ್ರದಲ್ಲಿ ಸುತ್ತಿ ಕೂತಿದೆ. ಅವರ ಹೆಂಡತಿ ಹಾಸಿಗೆ ಹಿಡಿದಿದ್ದರಂತೆ, ಆ ಕಾರು ಮನೆಗೆ ಬಂದ ತಿಂಗಳೇ ಎದ್ದು ಓಡಾಡಿದರಂತೆ. ಆಯಮ್ಮ ಪಕ್ಕದಲ್ಲೇ ಕೂತು ಉಪ್ಪುಚಹಾ ಕಾಸುತ್ತಿದ್ದರು. "ಇದ್ರ ಬದ್ಲು ರೇಡಿಯೋ ಗುಂಡಿ ಕೊಡ್ಲಾ? ಚಕ್ರದ ಮುಚ್ಚಳ ಕೊಡ್ಲಾ?" ಎಂದು ಮುದುಕರು ಕೇಳುತ್ತಾರೆ. ಅವೆಲ್ಲ ನಿನ್ನ ಹತ್ತಿರ ಇವೆಯಲ್ಲಪ್ಪ, ಅವರು ಎಲ್ಲಿಂದ ಕೊಡುತ್ತಾರೆ!

ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿದೆ. ಸಿಕ್ಕ ಉಂಗುರಗಳ ತಿರುಪು ಈ ಕಾರಿಗೆ ಕೂರುವುದಿಲ್ಲವಂತೆ, ಜಪಾನಿನಿಂದಲೇ ಬರಬೇಕಂತೆ, ಬೇಸಿಗೆಗೆ ಬರುತ್ತದಂತೆ. ಬೇಸಿಗೆಯಲ್ಲಿ ಯಾರಿಗೆ ಬೇಕು?

ಒಂದು ಮಾತು ಹೇಳು, ಹೋಗಿ ಕಿತ್ತುಕೊಂಡೇ ಬರುತ್ತೇನೆ.

ಯಾಂಜ್ಮಾ


ಜಾವ್ಖಾನ್
ಡಿಸೆಂಬರ್ 28, ಚಳಿಗಾಲದ ಮೊದಲನೇ ಒಂಬತ್ತು ದಿನ

ಅಕ್ಕಾ,

ಕಿತ್ತುಕೊಳ್ಳಬೇಡ. ಕೈಮುಗಿದು ಕೇಳುತ್ತೇನೆ.

ಆ ಹಿರಿಯರು ಮಾಡಿದ್ದು ಸರಿ. ನಾನೂ ಕುದುರೆ ಕೊಡುವಾಗ ಪ್ರತಿಯೊಂದರ ಬಾಲದಿಂದಲೂ ಕೂದಲು ತೆಗೆದಿಟ್ಟುಕೊಂಡಿದ್ದೇನೆ, ಗುಡಾರದ ಗಳುವಿಗೆ ಕಟ್ಟಿದ್ದೇನೆ. ಕುದುರೆ ಕೊಂಡ ವ್ಯಾಪಾರಿ ಬಂದು ಅದನ್ನೂ ಕೊಡು ಎಂದಿದ್ದರೆ ಹಲ್ಲು ಉದುರಿಸಿ ಕಳಿಸುತ್ತಿದ್ದೆ. ಇನ್ನೊಬ್ಬರ ಮನೆಯ ಭಾಗ್ಯವನ್ನು ಬಂಪರಿಗೆ ತಿರುಪಿಕೊಂಡು ಸೆವ್ಜಿದ್‌ಳನ್ನು ಹೆರಿಗೆಗೆ ಕರೆದೊಯ್ಯಲೇ? ನನ್ನಿಂದಾಗದು. ಸಲಿಕೆ ಇದೆ, ಹಲಗೆ ಇದೆ, ಕೈ ಇದೆ.

ಸೆವ್ಜಿದ್ ಚೆನ್ನಾಗಿದ್ದಾಳೆ. ಹಬ್ಬ ಮುಗಿದ ತಕ್ಷಣ ತಾಲ್ಲೂಕಿಗೆ ಹೋಗಿ ಆಸ್ಪತ್ರೆಯ ಪಕ್ಕದಲ್ಲೇ ಇರುತ್ತಾಳೆ. ಅವಳಿಗೆ ಈ ಉಂಗುರದ ವಿಷಯ ಹೇಳಿಲ್ಲ. ನೀನೂ ಬರೆಯಬೇಡ.

ಲುವ್ಸಾನ್


ಉಲಾನ್‌ಬಾತರ್
ಜನವರಿ 3, 2012

ತಮ್ಮಾ,

ನಿನ್ನ ಉತ್ತರ ಬರಲೇ ಇಲ್ಲ. ಕಾದು ಕಾದು ಸಾಕಾಯಿತು, ನಾನೇ ಕೆಲಸ ಮುಗಿಸಿದೆ. ಉಂಗುರ ಈ ಹಿಟ್ಟಿನ ಚೀಲದೊಳಗಿದೆ, ತಡಕಿ ನೋಡು. ಗೊಂಬೋ ಅವರೇ ಸಂತೋಷದಿಂದ ಕೊಟ್ಟರು. "ತಗೊಂಡ್ಹೋಗಮ್ಮ, ಬಸುರಿ ಹೆಂಗಸಿಗಿಂತ ಹೆಚ್ಚಾ?" ಅಂದರು. ಇನ್ನು ಆ ವಿಷಯ ತಲೆಯಿಂದ ತೆಗೆದುಹಾಕು.

ಮಗುವಿಗೆ ಹೆಣೆಯಲು ಬಿಳಿ ಉಣ್ಣೆ ಕೊಂಡಿದ್ದೇನೆ. ಇನ್ನೂ ಶುರು ಮಾಡಿಲ್ಲ, ಮುಂಚೆಯೇ ಹೆಣೆಯಬಾರದು ಎನ್ನುತ್ತಾರೆ.

ಯಾಂಜ್ಮಾ


ಜಾವ್ಖಾನ್
ಜನವರಿ 24

ಅಕ್ಕಾ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿಹೋದವು.

ನೀನು ಸುಳ್ಳು ಹೇಳಿದ್ದೀ. ಸಂತೋಷದಿಂದ ಕೊಡುವವರು ನೀಲಿ ರೇಷ್ಮೆಯ ಸಮೇತ ಎರಡೂ ಕೈಯಲ್ಲಿ ಕೊಡುತ್ತಾರೆ. ಹಿಟ್ಟಿನ ಚೀಲದಲ್ಲಿ ಬತ್ತಲೆ ಕಳಿಸುವುದಿಲ್ಲ. ಹೇಗೆ ತಂದೆಯೋ ನಾನು ಕೇಳುವುದಿಲ್ಲ. ಇದೇ ಡ್ರೈವರ್ ಕೈಯಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಎಲ್ಲಿಂದ ತೆಗೆದೆಯೋ ಅಲ್ಲೇ ಇಡು.

ಸಿಟ್ಟಾಗಬೇಡ. ಹಿಟ್ಟು ಚೆನ್ನಾಗಿತ್ತು.

ಲುವ್ಸಾನ್


ಉಲಾನ್‌ಬಾತರ್
ಫೆಬ್ರವರಿ 12

ಲುವ್ಸಾನ್,

ನೀನು ಮನುಷ್ಯನೋ ಮರದ ಕೊರಡೋ? ಸಾವಿರ ಕಿಲೋಮೀಟರ್ ಹೋದ ಕಬ್ಬಿಣವನ್ನು ಸಾವಿರ ಕಿಲೋಮೀಟರ್ ವಾಪಸ್ ಕಳಿಸಿದ್ದೀಯಲ್ಲ! ಹೌದು, ಸುಳ್ಳು ಹೇಳಿದೆ. ಗೊಂಬೋ ಅವರ ಹೆಂಡತಿ ಗಂಡನ ಕಣ್ಣು ತಪ್ಪಿಸಿ ನನ್ನ ಕೈಗಿಟ್ಟರು. ಬಟ್ಟೆಯೊಳಗೆ ಬಾಗಿಲ ಚಿಲಕ ಸುತ್ತಿಟ್ಟರು. "ಅವ್ರಿಗೆ ಹೆಂಗೂ ಕಣ್ಣು ಕಾಣ್ಸಲ್ಲ, ಚಿಲಕಕ್ಕೇ ಕೈಮುಗೀಲಿ. ನಾನು ಎದ್ದಿದ್ದು ಔಷಧಿಯಿಂದ, ಕಾರಿನಿಂದಲ್ಲ," ಅಂದರು.

ಉಂಗುರ ವಾಪಸ್ ತೆಗೆದುಕೊಂಡು ಹೋದಾಗ ಎಲ್ಲ ಬಯಲಾಯಿತು. ಮುದುಕರು ಹೆಂಡತಿಯ ಮೇಲೆ ಕೂಗಾಡಿದರು. ಆಮೇಲೆ ಉಂಗುರವನ್ನು ಬೆರಳಿನಿಂದ ತಡವಿ ತಡವಿ ನೋಡಿದರು. "ನಿನ್ನ ತಮ್ಮ ವಾಪಸ್ ಕಳಿಸಿದ್ನಾ? ತಾನಾಗೇ?" ಎಂದು ಮತ್ತೆ ಮತ್ತೆ ಕೇಳಿದರು. ನಿನ್ನೆ ತಾವೇ ನನ್ನ ಕ್ಯಾಂಟೀನಿಗೆ ಬಂದು ನೀಲಿ ರೇಷ್ಮೆಯ ಸಮೇತ, ಎರಡು ಕೈಯಲ್ಲಿ ನೀಡಿದರು. ಸಾಕ್ಷಿಗೆ ಇಡೀ ಕ್ಯಾಂಟೀನೇ ಇತ್ತು.

ಈಗ ಉಂಗುರ ಇದೆ, ಮನಸ್ಸಿದೆ, ದಾರಿ ಇಲ್ಲ. ಹಿಮ ಬಿದ್ದು ನಿಮ್ಮ ಕಡೆಯ ರಸ್ತೆ ಮುಚ್ಚಿದೆಯಂತೆ. ಯಾವ ಡ್ರೈವರೂ ಹೊರಡುತ್ತಿಲ್ಲ. ಈ ಕಾಗದ ಅಂಚೆಗೆ ಹಾಕುತ್ತಿದ್ದೇನೆ, ಯಾವಾಗ ಸಿಗುತ್ತದೋ. ಸೆವ್ಜಿದ್‌ಳನ್ನು ಈಗಲೇ ತಾಲ್ಲೂಕಿಗೆ ಕರೆದುಕೊಂಡು ಹೋಗು. ಹಬ್ಬ ಗಿಬ್ಬ ಅಂತ ಕಾಯಬೇಡ.

ಯಾಂಜ್ಮಾ


ಉಲಾನ್‌ಬಾತರ್
ಮಾರ್ಚ್ 4

ಲುವ್ಸಾನ್,

ಹಬ್ಬ ಕಳೆಯಿತು. ಏನಾಯಿತು? ಒಂದೇ ಒಂದು ಸಾಲು ಬರೆ. ಯಾರ ಕೈಯಲ್ಲಾದರೂ ಕಳಿಸು. ನನಗೆ ಊಟ ಸೇರುತ್ತಿಲ್ಲ. ಗೊಂಬೋ ಅವರು ದಿನಾ ಬಂದು ಕಡುಬಿನ ತಟ್ಟೆ ಮುಂದಿಟ್ಟುಕೊಂಡು ಬಾಗಿಲು ನೋಡುತ್ತಾ ಕೂರುತ್ತಾರೆ. ನಾನು ಅವರನ್ನು ಮಾತಾಡಿಸುತ್ತಿಲ್ಲ.

ಅಕ್ಕ


ಜಾವ್ಖಾನ್
ಮಾರ್ಚ್ 11

ಅಕ್ಕಾ,

ನಿನ್ನ ಫೆಬ್ರವರಿಯ ಕಾಗದ ನಿನ್ನೆಯಷ್ಟೇ ಸಿಕ್ಕಿತು.

ಸೆವ್ಜಿದ್‌ಗೆ ಹಬ್ಬಕ್ಕೆ ಮುಂಚೆಯೇ ನೋವು ಶುರುವಾಯಿತು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಕಣಿವೆಯ ತಿರುವಿನಲ್ಲಿ ಗಾಳಿ ಹಿಮವನ್ನು ಗುಡ್ಡೆ ಹಾಕಿತ್ತು, ಬಾಗಿಲ ಮಟ್ಟಕ್ಕೆ ಹೂತುಕೊಂಡೆವು. ಹಗಲು ಹೊತ್ತು, ಬೆಳಕಿತ್ತು. ಒಬ್ಬ ಒಂಟೆಗಳನ್ನು ತಂದ. ಹಗ್ಗ ಕಟ್ಟಲು ಜಾಗವಿಲ್ಲ. ಬಂಪರಿಗೇ ಬಿಗಿದೆವು, ಬಂಪರ್ ಕಿತ್ತು ಒಂಟೆಯ ಹಿಂದೆ ಹೋಯಿತು, ಕಾರು ಅಲ್ಲೇ ಉಳಿಯಿತು. ನಾನು ಹೊಗೆ ಕೊಳವೆಯ ಸುತ್ತ ಹಿಮ ಕೆರೆಯುತ್ತಲೇ ಇದ್ದೆ. ಇಂಜಿನ್ ನಿಲ್ಲಲಿಲ್ಲ, ಸೀಟು ಆರಲಿಲ್ಲ. ಆಮೇಲೆ ಜನ ಬಂದು ಅಗೆದು ತೆಗೆದರು.

ಇಲ್ಲಿ ಯಾರೂ ಬಂದಿಲ್ಲ. ಇಬ್ಬರು ಹೋಗಿದ್ದೆವು, ಇಬ್ಬರೇ ಬಂದೆವು ಎಂದು ತಿಳಿದುಕೋ. ಒಂದು ಕರೀ ನಾಯಿಮರಿ ಮನೆ ಸೇರಿಕೊಂಡಿದೆ. ಮೂತಿ ನೋಡಲಾಗದು, ಯಾರಿಗೂ ಬೇಡದ್ದು. ದಿನವಿಡೀ ಕುಂಯ್‌ಗುಡುತ್ತದೆ. ಅದರ ಮೂಗಿಗೆ ಒಲೆಯ ಮಸಿ ಬಳಿದಿದ್ದೇವೆ. ಸೆವ್ಜಿದ್ ಅದನ್ನೇ ತಬ್ಬಿಕೊಂಡು ಕೂತಿರುತ್ತಾಳೆ, ಕೆಳಗಿಡುವುದೇ ಇಲ್ಲ.

ಏನೂ ಕೇಳಬೇಡ. ಏನೂ ಕಳಿಸಬೇಡ. ಯಾರಿಗೂ ಹೇಳಬೇಡ.

ಲುವ್ಸಾನ್


ಉಲಾನ್‌ಬಾತರ್
ಮಾರ್ಚ್ 23

ನನ್ನ ತಮ್ಮಾ, ನನ್ನ ಕಂದಾ,

ನಿನ್ನ ಕಾಗದ ಓದಿ ಒಲೆಯ ಮುಂದೆ ಕೂತವಳಿಗೆ ಏಳಲಾಗಲಿಲ್ಲ. ಕಡುಬೆಲ್ಲ ಸೀದುಹೋಯಿತು. ಎರಡನೆಯದೂ ಹೋಯಿತೇ? ಆ ಹುಡುಗಿ ನಾಯಿಮರಿಯನ್ನು ತಬ್ಬಿಕೊಂಡು ಕೂರುವಂತಾಯಿತೇ? ಅವಳನ್ನು ಒಬ್ಬಳೇ ಬಿಡಬೇಡ. ಆ ಮರಿಯನ್ನು ಅವಳ ಕೈಯಿಂದ ಕಿತ್ತುಕೊಳ್ಳಲೂ ಬೇಡ.

ನಾನು ಆ ಉಂಗುರವನ್ನು ಹಿಟ್ಟಿನಲ್ಲಿ ಹಾಕದೆ ರೇಷ್ಮೆಯಲ್ಲೇ ಸುತ್ತಿ ಕಳಿಸಬಾರದಿತ್ತೇ? ನೀನು ನಂಬುತ್ತಿದ್ದೆ, ಇಟ್ಟುಕೊಳ್ಳುತ್ತಿದ್ದೆ. ನನ್ನ ಬುದ್ಧಿಗೆ ಅಷ್ಟು ಹೊಳೆಯಲಿಲ್ಲ. ಅಯ್ಯೋ, ನಾನು ಸುಳ್ಳು ಹೇಳುವುದನ್ನಾದರೂ ಸರಿಯಾಗಿ ಕಲಿಯಬೇಕಿತ್ತು. ಆ ಮುದುಕರ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟೇ ಸಿಟ್ಟು ನಿನ್ನ ಮೇಲೂ ಇದೆ. ಅದನ್ನು ಇಟ್ಟುಕೊಂಡು ಏನು ಮಾಡಲಿ?

ನಾಳೆ ಅವರ ಮನೆಗೆ ಹೋಗುತ್ತೇನೆ. ನಿನ್ನ ಕಾಗದವನ್ನು ಅವರ ಮುಂದೆ ಗಟ್ಟಿಯಾಗಿ ಓದುತ್ತೇನೆ. ಅವರ ಭಾಗ್ಯದ ಬೆಲೆ ಏನೆಂದು ಅವರಿಗೂ ಗೊತ್ತಾಗಲಿ.

ಅಕ್ಕ


ಉಲಾನ್‌ಬಾತರ್
ಮಾರ್ಚ್ 24

ಲುವ್ಸಾನ್,

ನಿನ್ನೆಯ ಕಾಗದ ಅಂಚೆಗೆ ಹೋಗಿಬಿಟ್ಟಿದೆ. ರಸ್ತೆ ತೆರೆದಿದೆಯಂತೆ, ಡ್ರೈವರ್ ತರುವ ಈ ಕಾಗದ ಮೊದಲು ಸಿಕ್ಕರೆ, ಅದು ಬಂದಾಗ ಓದದೆ ಒಲೆಗೆ ಹಾಕು. ಸೆವ್ಜಿದ್ ಕೈಗಂತೂ ಸಿಗಬಾರದು.

ಗೊಂಬೋ ಅವರ ಮನೆಗೆ ಹೋದೆ. ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿ ನಿನ್ನ ಕಾಗದ ಓದಿದೆ. ಬಂಪರ್ ಕಿತ್ತುಹೋಯಿತು ಎನ್ನುವಲ್ಲಿ ಮುದುಕರು ಮುಖ ಮುಚ್ಚಿಕೊಂಡರು. 'ಇಬ್ಬರೇ ಬಂದೆವು' ಎನ್ನುವುದನ್ನು ಅವರಿಗೆ ಕೇಳಲೆಂದು ಎರಡು ಸಲ ಓದಿದೆ. ಆಮೇಲೆ ನಾಯಿಮರಿಯ ಸಾಲು ಓದಿದೆ. ಆಯಮ್ಮ ಫಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಮುದುಕರೂ ಮುಖದಿಂದ ಕೈ ತೆಗೆದರು.

"ಇನ್ನೊಂದ್ಸಲ ಓದಮ್ಮ, ಆ ಮಸಿ ವಿಷ್ಯ."

"ಮೂಗಿಗೆ ಒಲೆಯ ಮಸಿ ಬಳಿದಿದ್ದೇವೆ," ಅಂತ ಓದಿದೆ.

"ನಾಯಿಮರಿ ಮೂಗಿಗೆ ಯಾರಮ್ಮ ಮಸಿ ಬಳೀತಾರೆ? ದೃಷ್ಟಿ ಆಗ್ದಿರ್ಲಿ ಅಂತ ಕೂಸಿಗೆ ಬಳಿಯೋದು ಅದು," ಅಂದರು. "ಪೇಟೆಗೆ ಬಂದು ಎಲ್ಲಾ ಮರ್ತೆಯಾ? ಒಂದು ಮಗು ಕಳ್ಕೊಂಡ ಮನೆಯೋರು 'ನಮ್ಗೆ ಮಗು ಆಯ್ತು, ಚೆನ್ನಾಗಿದೆ' ಅಂತ ಕಾಗದ ಬರ್ದು ಊರಿಂದೂರಿಗೆ ಕಳಿಸ್ತಾರಾ? ಹೋದ ಸಲ ಮಗೂನ ಕರ್ಕೊಂಡು ಹೋದ ಪೀಡೆ ದಾರೀಲಿ ಕೂತು ಓದಲ್ವಾ? ಅದಕ್ಕೇ ಯಾರೂ ಬಂದಿಲ್ಲ ಅಂತಾರೆ, ನಾಯಿಮರಿ ಅಂತಾರೆ. ನಿಮ್ಮನೆಗೆ ಮಗು ಬಂದಿದೆ ಕಣೇ ಹುಚ್ಚಿ! ಆ ಕಾರಲ್ಲೇ ಹುಟ್ಟಿದೆ!"

ಎಂಥ ಪೆದ್ದಿ ನಾನು! ಪಕ್ಕದ ಗುಡಾರದ ಹುಡುಗನನ್ನು 'ಇವನಲ್ಲ, ಇವನಲ್ಲ' ಎಂದು ಹೆಸರು ಹಿಡಿದು ಕೂಗಿಕೊಂಡೇ ಬೆಳೆದವಳು. ಅವನ ಅಣ್ಣಂದಿರು ತೀರಿಹೋದ ಮೇಲೆ ಇಟ್ಟ ಹೆಸರು ಅದು ಎಂದು ನನಗೆ ಗೊತ್ತು. ಆದರೂ ನಿನ್ನ ಕಾಗದ ಹಿಡಿದು ಇಡೀ ದಿನ ಅತ್ತಿದ್ದೇನೆ. ಆಮೇಲೆ ಅವರ ಮನೆಯಲ್ಲಿ ಕೂತು ಮೂವರೂ ಮತ್ತೆ ಅತ್ತೆವು, ನಕ್ಕೆವು, ಚಹಾ ಉಕ್ಕಿ ಒಲೆ ಆರಿತು. ಉಂಗುರವನ್ನು ಏನು ಮಾಡುವುದೆಂದು ಯಾರಿಗೂ ನೆನಪಾಗಲಿಲ್ಲ.

ಈಗ ಬಾಯಿ ಮುಚ್ಚಿಕೊಳ್ಳುತ್ತೇನೆ. ಇಷ್ಟು ಬರೆದದ್ದೇ ತಪ್ಪು. ಈ ಕಾಗದವನ್ನು ಡ್ರೈವರ್ ಎದೆಯೊಳಗೆ ಇಟ್ಟುಕೊಂಡು ನಿನ್ನ ಕೈಗೇ ಕೊಡಬೇಕು, ದಾರಿಯಲ್ಲಿ ಬಿಚ್ಚಬಾರದು ಎಂದು ಆಣೆ ಹಾಕಿಸಿದ್ದೇನೆ. ಓದಿ ಇದನ್ನೂ ಒಲೆಗೆ ಹಾಕು.

ಹಾಗಾದರೆ ನಿಮ್ಮಲ್ಲಿಗೆ ಯಾರೂ ಬಂದಿಲ್ಲ. ಸರಿ. ನನಗೇನೂ ಸಂತೋಷವಾಗಿಲ್ಲ. ಇಲ್ಲೊಂದು ಬಿಳಿ ಉಣ್ಣೆಯ ಕುಲಾವಿ ಸುಮ್ಮನೆ ಬಿದ್ದಿತ್ತು, ಕಳಿಸಿದ್ದೇನೆ, ಯಾರ ತಲೆಗೂ ಹಾಕಬೇಡ. ಆ ಕೊಳಕು ನಾಯಿಮರಿ ಹೆಣ್ಣೋ ಗಂಡೋ ಬರೆಯಬೇಡ, ನನಗೆ ಬೇಕಿಲ್ಲ. ಸೆವ್ಜಿದ್‌ಗೆ ಕುರಿಯ ಸೂಪು ಮಾಡಿ ಕೊಡು, ಬಡಪಾಯಿ, ಏನೂ ಹೆರದೆಯೇ ಸುಸ್ತಾಗಿರುತ್ತಾಳೆ.

ಬೇಸಿಗೆ ಬಂದ ಮೊದಲ ದಿನವೇ, ಕ್ಯಾಂಟೀನಿಗೆ ಬೀಗ ಹಾಕಿ, ಯಾರನ್ನೂ ನೋಡುವುದಕ್ಕೆ ನಾನು ಅಲ್ಲಿಗೆ ಬರುತ್ತಿಲ್ಲ.

ನಿನ್ನ ಅಕ್ಕ
ಯಾಂಜ್ಮಾ